30ಕ್ಕೆ ಶುರುವಾಗುವ ತಿಂಗಳು: ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್, ಒಂದು ಪ್ರಕರಣ ಅಧ್ಯಯನ

ಆಗಸ್ಟ್ 31 ಭಾನುವಾರ ಬಿತ್ತು ಅಂದುಕೊಳ್ಳಿ. ತಿಂಗಳ ಕೊನೆಯ ದಿನ ಸಂಬಳ ಹಾಕುವ ಕಂಪನಿ, ಬ್ಯಾಂಕ್ ರಜೆ ಅಂತ 29ರ ಶುಕ್ರವಾರವೇ ಹಾಕಿಬಿಡುತ್ತದೆ. ನೌಕರರಿಗೆ ಖುಷಿ, ಎರಡು ದಿನ ಮೊದಲೇ ದುಡ್ಡು ಬಂತಲ್ಲ. ಆದರೆ ಬ್ರಿಟನ್ನಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುತ್ತಾ, ಜೊತೆಗೆ ಯೂನಿವರ್ಸಲ್ ಕ್ರೆಡಿಟ್ ಅನ್ನುವ ಸರ್ಕಾರದ ನೆರವನ್ನೂ ಪಡೆಯುತ್ತಿದ್ದ ಕೆಲವು ತಾಯಂದಿರಿಗೆ ಇಂಥ ಶುಕ್ರವಾರ ಬಂದರೆ ಎದೆ ಧಸಕ್ಕೆನ್ನುತ್ತಿತ್ತು. ಕಾರಣ ಇಷ್ಟೇ. ಸರ್ಕಾರದ ಕಂಪ್ಯೂಟರಿನಲ್ಲಿ ಅಂಥವರೊಬ್ಬರ "ತಿಂಗಳು" 30ಕ್ಕೆ ಶುರುವಾಗಿ ಮುಂದಿನ 29ಕ್ಕೆ ಮುಗಿಯುತ್ತದೆ. ಜುಲೈ 31ರ ಸಂಬಳವೂ ಅದರೊಳಗೆ, ಆಗಸ್ಟ್ 29ರ ಸಂಬಳವೂ ಅದರೊಳಗೆ. ಕಂಪ್ಯೂಟರ್ ಪ್ರಕಾರ ಆಕೆಯ ಆದಾಯ ಒಂದೇ ತಿಂಗಳಲ್ಲಿ ದುಪ್ಪಟ್ಟಾಯಿತು. ನೆರವು ಕಟ್.

ಮುಂದಿನ "ತಿಂಗಳು" ಆಗಸ್ಟ್ 30ರಿಂದ ಸೆಪ್ಟೆಂಬರ್ 29ರವರೆಗೆ. ಅದರಲ್ಲಿ ಸಂಬಳವೇ ಇಲ್ಲ, ಸೆಪ್ಟೆಂಬರಿನ ಸಂಬಳ 30ಕ್ಕೆ ಬರುತ್ತದೆ. ಹಾಗಾಗಿ ಆ ಸಲ ಪೂರ್ತಿ ನೆರವು. ಅಲ್ಲಿಂದಿಲ್ಲಿಗೆ ಸರಿಹೋಯಿತಲ್ವಾ ಅಂತ ನಿಮಗೆ ಅನ್ನಿಸಬಹುದು. ಸರಿಹೋಗುವುದಿಲ್ಲ. ಯಾಕೆ ಅಂತ ಮುಂದೆ ಪೌಂಡ್-ಪೆನ್ಸ್ ಲೆಕ್ಕದಲ್ಲೇ ತೋರಿಸುತ್ತೇನೆ.

ಆದಾಯ ನೋಡಿ ನೆರವು ಕೊಡುವ ಯೋಜನೆಯ ಚರ್ಚೆ ಎಲ್ಲೇ ಶುರುವಾದರೂ ಮಾತೆಲ್ಲ "ಯಾರಿಗೆ, ಎಷ್ಟು" ಅನ್ನುವುದರ ಸುತ್ತ ತಿರುಗುತ್ತದೆ. ಯಾವಾಗಿನ ಆದಾಯ ನೋಡಬೇಕು, ದುಡ್ಡು ಯಾವತ್ತು ಕೊಡಬೇಕು ಅನ್ನುವುದನ್ನು ಗುಮಾಸ್ತರ ಕೆಲಸ ಅಂತ ಪಕ್ಕಕ್ಕೆ ತಳ್ಳುತ್ತಾರೆ. ಯೂನಿವರ್ಸಲ್ ಕ್ರೆಡಿಟ್‌ನ ಕಥೆ ಓದಿದಷ್ಟೂ ನನಗೆ ಅನ್ನಿಸುವುದು ಇದು: ಅದರ ದರದ ಲೆಕ್ಕ ಬಹುಮಟ್ಟಿಗೆ ಸರಿಯಾಗಿಯೇ ಇತ್ತು, ಎಡವಿದ್ದು ಕ್ಯಾಲೆಂಡರಿನಲ್ಲಿ.

ಮೊದಲು ಇದ್ದದ್ದು

2010ರ ಹೊತ್ತಿಗೆ ಬ್ರಿಟನ್ನಿನ ದುಡಿಯುವ ವಯಸ್ಸಿನ ಬಡವರಿಗೆ ಆದಾಯ ನೋಡಿ ಕೊಡುವ ದೊಡ್ಡ ನೆರವುಗಳು ಆರು. ಕೆಲಸ ಹುಡುಕುವವರಿಗೆ ಜಾಬ್‌ಸೀಕರ್ಸ್ ಅಲೋವೆನ್ಸ್. ಕಾಯಿಲೆಯಿಂದ ದುಡಿಯಲಾಗದವರಿಗೆ ಎಂಪ್ಲಾಯ್‌ಮೆಂಟ್ ಅಂಡ್ ಸಪೋರ್ಟ್ ಅಲೋವೆನ್ಸ್. ಚಿಕ್ಕ ಮಗು ಇರುವ ಒಂಟಿ ತಾಯಂದಿರಂಥವರಿಗೆ ಇನ್‌ಕಮ್ ಸಪೋರ್ಟ್. ಮನೆ ಬಾಡಿಗೆಗೆ ಹೌಸಿಂಗ್ ಬೆನಿಫಿಟ್. ಮಕ್ಕಳಿದ್ದರೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ಕಡಿಮೆ ಸಂಬಳದ ಕೆಲಸವಿದ್ದರೆ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್. ಕೊಡುವವರು ಮೂರು ಕಡೆ: ಕೆಲಸ ಮತ್ತು ಪಿಂಚಣಿ ಇಲಾಖೆ, ತೆರಿಗೆ ಇಲಾಖೆ, ಊರಿನ ಕೌನ್ಸಿಲ್ ಅಂದರೆ ಸ್ಥಳೀಯ ಆಡಳಿತ. ಒಬ್ಬರಿಗೆ ಕೊಟ್ಟ ಕಾಗದ ಇನ್ನೊಬ್ಬರಿಗೆ ತಲುಪುತ್ತಿರಲಿಲ್ಲ. ಕೆಲಸ ಸಿಕ್ಕರೂ ಮೂರು ಕಡೆ ಹೇಳಬೇಕು, ಹೋದರೂ ಮೂರು ಕಡೆ ಹೇಳಬೇಕು.

ಅದರ ಮೇಲೆ ಗಂಟೆಗಳ ಗೋಡೆ. ವಾರಕ್ಕೆ 16 ಗಂಟೆ ಕೆಲಸ ಮಾಡಿದರೆ ಜಾಬ್‌ಸೀಕರ್ಸ್ ಅಲೋವೆನ್ಸ್ ನಿಲ್ಲುತ್ತಿತ್ತು. ಒಂಟಿ ಪೋಷಕರಿಗೆ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್ ಶುರುವಾಗುತ್ತಿದ್ದುದೇ 16 ಗಂಟೆಗೆ. ಹಾಗಾಗಿ ಎಷ್ಟೋ ತಾಯಂದಿರು ಸರಿಯಾಗಿ 16 ಗಂಟೆ ದುಡಿದು ನಿಲ್ಲಿಸುತ್ತಿದ್ದರು. ಸೋಮಾರಿಗಳು ಅಂತ ಬೈಯುವವರು ಬೈದರು. ಅವರು ಲೆಕ್ಕ ಬಲ್ಲವರಾಗಿದ್ದರು, ಅಷ್ಟೇ.

ಆ ಲೆಕ್ಕ ಹೇಗಿತ್ತು ಅಂತ ಒಂದು ಪೌಂಡ್ ಹಿಡಿದು ನೋಡೋಣ. ಟ್ಯಾಕ್ಸ್ ಕ್ರೆಡಿಟ್, ಬಾಡಿಗೆ ನೆರವು ಎರಡೂ ಪಡೆಯುವ ಒಬ್ಬರು 2011ರ ಸುಮಾರಿಗೆ ಒಂದು ಪೌಂಡ್ ಜಾಸ್ತಿ ದುಡಿದರು. ಅದರಲ್ಲಿ 20 ಪೆನ್ಸ್ ಆದಾಯ ತೆರಿಗೆಗೆ, 12 ಪೆನ್ಸ್ ನ್ಯಾಷನಲ್ ಇನ್ಶೂರೆನ್ಸ್ ಅನ್ನುವ ಸರ್ಕಾರಿ ವಿಮೆಯ ವಂತಿಗೆಗೆ ಹೋಯಿತು. ಆದಾಯ ಏರಿತೆಂದು ಟ್ಯಾಕ್ಸ್ ಕ್ರೆಡಿಟ್ 41 ಪೆನ್ಸ್ ಇಳಿಯಿತು. ಉಳಿದದ್ದು 27 ಪೆನ್ಸ್. ಈಗ ಕೌನ್ಸಿಲಿನವರು ಬರುತ್ತಾರೆ. ಉಳಿದದ್ದರಲ್ಲಿ ಬಾಡಿಗೆ ನೆರವಿನ ಲೆಕ್ಕಕ್ಕೆ ಶೇ. 65, ಕೌನ್ಸಿಲ್ ಟ್ಯಾಕ್ಸ್ (ಊರಿನ ಮನೆ ತೆರಿಗೆ) ರಿಯಾಯಿತಿಯ ಲೆಕ್ಕಕ್ಕೆ ಶೇ. 20. ಅಂದರೆ 27ರಲ್ಲಿ ಸುಮಾರು 23 ಪೆನ್ಸ್ ಹೋಯಿತು. ಕೈಯಲ್ಲಿ ನಿಂತದ್ದು 4 ಪೆನ್ಸ್. ಇಷ್ಟಕ್ಕೆ ಬಸ್ ಹತ್ತಿ ಇನ್ನೊಂದು ಗಂಟೆ ಕೆಲಸಕ್ಕೆ ಯಾರು ಹೋಗುತ್ತಾರೆ?

ಯಾರೋ ಕೂತು ಹೀಗೇ ಆಗಲಿ ಅಂತ ಮಾಡಿದ್ದಲ್ಲ ಇದು. ಒಂದೊಂದು ಇಲಾಖೆಯೂ ತನ್ನ ಪಾಲಿನ ಕಡಿತವನ್ನು ನ್ಯಾಯವಾಗಿಯೇ ಇಟ್ಟಿತ್ತು. ಎಲ್ಲವೂ ಒಬ್ಬರ ತಲೆಯ ಮೇಲೆ ಒಟ್ಟಿಗೆ ಕೂತಾಗ ಶೇ. 96 ಆಗುತ್ತದೆ ಅಂತ ಕೂಡಿಸಿ ನೋಡುವ ಹೊಣೆ ಮಾತ್ರ ಯಾರದ್ದೂ ಆಗಿರಲಿಲ್ಲ.

ಹಳೆಯ ವ್ಯವಸ್ಥೆಯ ಇನ್ನೊಂದು ಪಾಠವನ್ನೂ ಇಲ್ಲೇ ಹೇಳಬೇಕು, ಯಾಕೆಂದರೆ ಮುಂದಿನ ತಪ್ಪಿನ ಬೇರು ಅದರಲ್ಲಿದೆ. ಟ್ಯಾಕ್ಸ್ ಕ್ರೆಡಿಟ್‌ಗಳು 2003ರ ಏಪ್ರಿಲ್‌ನಲ್ಲಿ ಬಂದವು. ಅವು ವರ್ಷದ ಆದಾಯ ನೋಡುತ್ತಿದ್ದವು. ಮೊದಲು ಅಂದಾಜಿನ ಮೇಲೆ ಕೊಡುವುದು, ವರ್ಷ ಮುಗಿದ ಮೇಲೆ ತಾಳೆ ನೋಡುವುದು, ಜಾಸ್ತಿ ಹೋಗಿದ್ದರೆ ವಾಪಸ್ ಕೇಳುವುದು. ಮೊದಲ ವರ್ಷದಲ್ಲೇ ಸುಮಾರು 200 ಕೋಟಿ ಪೌಂಡ್ ಜಾಸ್ತಿ ಹೋಗಿತ್ತು. ಲಕ್ಷಾಂತರ ಮನೆಗಳಿಗೆ, ಆಗಲೇ ಖರ್ಚಾಗಿ ಹೋದ ದುಡ್ಡನ್ನು ಹಿಂದಿರುಗಿಸಿ ಅಂತ ಪತ್ರ ಬಂತು. ಸುಧಾರಕರು ಇದರಿಂದ ಕಲಿತದ್ದು: ವರ್ಷ ಬಹಳ ಉದ್ದ, ತಿಂಗಳು ಹಿಡಿಯೋಣ.

ಕೂಡಿಸಿದ್ದು

ಕನ್ಸರ್ವೇಟಿವ್ ಪಕ್ಷದ ನಾಯಕನ ಸ್ಥಾನ ಕಳೆದುಕೊಂಡ ಇಯಾನ್ ಡಂಕನ್ ಸ್ಮಿತ್ 2004ರಲ್ಲಿ ಸೆಂಟರ್ ಫಾರ್ ಸೋಷಿಯಲ್ ಜಸ್ಟಿಸ್ ಅನ್ನುವ ಸಂಸ್ಥೆ ಕಟ್ಟಿದರು. 2009ರಲ್ಲಿ ಆ ಸಂಸ್ಥೆ ಒಂದು ವರದಿ ತಂದಿತು. ನೆರವುಗಳನ್ನು ಕೂಡಿಸಿ, ಕಡಿತದ ದರ ಒಂದೇ ಇರಲಿ, ದುಡಿದ ಪ್ರತಿ ಪೌಂಡಿಗೆ 55 ಪೆನ್ಸ್‌ಗಿಂತ ಜಾಸ್ತಿ ಕಳೆಯಬೇಡಿ ಎನ್ನುವುದು ಅದರ ಸಾರ. ಮರುವರ್ಷ ಸರ್ಕಾರ ಬದಲಾಯಿತು, ಡಂಕನ್ ಸ್ಮಿತ್ ಅವರೇ ಕೆಲಸ ಮತ್ತು ಪಿಂಚಣಿ ಇಲಾಖೆಯ ಮಂತ್ರಿಯಾದರು. 2012ರ ಮಾರ್ಚ್‌ನಲ್ಲಿ ವೆಲ್‌ಫೇರ್ ರಿಫಾರ್ಮ್ ಕಾಯ್ದೆ ಬಂತು. ಆರೂ ನೆರವು ಸೇರಿ ಒಂದಾದವು. ಹೆಸರು ಯೂನಿವರ್ಸಲ್ ಕ್ರೆಡಿಟ್. ಯೂನಿವರ್ಸಲ್ ಅಂದರೆ ಎಲ್ಲರಿಗೂ ಅಂತಲ್ಲ, ಆದಾಯ ನೋಡಿಯೇ ಕೊಡುವುದು. ಹೆಸರಿಡುವಾಗ ಇದು ಯಾರಿಗೂ ಹೊಳೆಯಲಿಲ್ಲವೋ ಏನೋ.

ಕಡಿತದ ದರ ಮಾತ್ರ 55 ಆಗಲಿಲ್ಲ. ಖಜಾನೆ ಒಪ್ಪಿದ್ದು 65. ಅದು 63ಕ್ಕೆ ಇಳಿದದ್ದು 2017ರ ಏಪ್ರಿಲ್‌ನಲ್ಲಿ. 55ಕ್ಕೆ ಬಂದದ್ದು 2021ರ ನವೆಂಬರ್‌ನಲ್ಲಿ. ವರದಿ ಬರೆದ ಹನ್ನೆರಡು ವರ್ಷದ ಮೇಲೆ!

ಲೆಕ್ಕ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು ಒಬ್ಬ ತಾಯಿಯನ್ನು ಊಹಿಸಿಕೊಳ್ಳೋಣ. ವಯಸ್ಸು 25 ದಾಟಿದೆ, ಒಂದು ಚಿಕ್ಕ ಮಗು, ಬಾಡಿಗೆ ಮನೆ. ದರಗಳು 2025-26ನೇ ಸಾಲಿನವು. ಮೂಲ ಭತ್ಯೆ ತಿಂಗಳಿಗೆ 400.14 ಪೌಂಡ್. ಮಗುವಿಗೆ 292.81. ಬಾಡಿಗೆ 600, ಅಷ್ಟೂ ನೆರವಿಗೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು 1,292.95. ಕೆಲಸವಿಲ್ಲದಿದ್ದರೆ ಇಷ್ಟು ಕೈಗೆ ಬರುತ್ತದೆ.

ಈಗ ಆಕೆಗೆ ಪಾರ್ಟ್‌ಟೈಮ್ ಕೆಲಸ ಸಿಕ್ಕಿತು, ತಿಂಗಳಿಗೆ ಕೈಗೆ 811 ಪೌಂಡ್. ಮಗು ಇರುವವರಿಗೂ ಕಾಯಿಲೆಯವರಿಗೂ ಒಂದು ವಿನಾಯಿತಿ ಇದೆ, ಅದನ್ನು ವರ್ಕ್ ಅಲೋವೆನ್ಸ್ ಅನ್ನುತ್ತಾರೆ. ಬಾಡಿಗೆ ನೆರವು ಪಡೆಯುವವರಿಗೆ ಅದು 411. ಅಷ್ಟರವರೆಗಿನ ಸಂಬಳವನ್ನು ಮುಟ್ಟುವುದಿಲ್ಲ. ಉಳಿದ 400ರಲ್ಲಿ ಶೇ. 55, ಅಂದರೆ 220 ಪೌಂಡ್ ನೆರವಿನಿಂದ ಕಡಿತ. ನೆರವು 1,072.95, ಸಂಬಳ 811, ಒಟ್ಟು 1,883.95. ದುಡಿದ 811ರಲ್ಲಿ 591 ಪೌಂಡ್ ಆಕೆಗೇ ಉಳಿಯಿತು. ಗಂಟೆಗಳ ಗೋಡೆ ಇಲ್ಲ. ವಾರಕ್ಕೆ 10 ಗಂಟೆಯಾದರೂ ಸರಿ, 19 ಗಂಟೆಯಾದರೂ ಸರಿ. ಕೆಲಸ ಹೋದರೆ ಹೊಸ ಅರ್ಜಿ ಬೇಕಿಲ್ಲ, ನೆರವು ತಾನೇ ಏರುತ್ತದೆ. ಕಂಪನಿ ಸಂಬಳ ಹಾಕುವಾಗಲೇ ತೆರಿಗೆ ಇಲಾಖೆಗೆ ಮಾಹಿತಿ ಕಳಿಸುವ ಏರ್ಪಾಡು 2013ರಲ್ಲಿ ಬಂತು. ಅಲ್ಲಿಂದ ಅದು ನೇರ ಈ ಲೆಕ್ಕಕ್ಕೆ ಬಂದು ಕೂರುತ್ತದೆ. ಪೇಸ್ಲಿಪ್ ಹಿಡಿದು ಅಲೆಯಬೇಕಿಲ್ಲ.

ಇದನ್ನು ಹೊಗಳಲೇಬೇಕು. 4 ಪೆನ್ಸ್ ಎಲ್ಲಿ, ಇದೆಲ್ಲಿ.

ಒಂದು ತೂತು ಮಾತ್ರ ಅವರೇ ಬಿಟ್ಟರು. ಕೌನ್ಸಿಲ್ ಟ್ಯಾಕ್ಸ್ ರಿಯಾಯಿತಿಯನ್ನು ಇದರೊಳಗೆ ಸೇರಿಸಲಿಲ್ಲ. 2013ರಿಂದ ಇಂಗ್ಲೆಂಡಿನಲ್ಲಿ ಅದನ್ನು ಆಯಾ ಊರಿನ ಕೌನ್ಸಿಲಿಗೇ ಬಿಟ್ಟುಕೊಟ್ಟರು. ಹಾಗಾಗಿ ಒಂದೊಂದು ಊರಿನಲ್ಲಿ ಒಂದೊಂದು ನಿಯಮ, ಮತ್ತೆ ಇನ್ನೊಂದು ಆದಾಯ ಪರೀಕ್ಷೆ, ಇನ್ನೊಂದು ಕಡಿತ. ಮನೆ ಗುಡಿಸಿ ಕಸವನ್ನು ಬಾಗಿಲ ಹಿಂದೆ ಇಟ್ಟ ಹಾಗೆ.

ಐದು ವಾರ

ಈಗ ಕ್ಯಾಲೆಂಡರಿಗೆ ಬರೋಣ.

ಅರ್ಜಿ ಹಾಕಿದ ದಿನದಿಂದ ಒಂದು ತಿಂಗಳು ಲೆಕ್ಕದ ಅವಧಿ. ಆ ತಿಂಗಳಲ್ಲಿ ನಿಮಗೆ ಏನು ಬಂತು ಅಂತ ನೋಡುತ್ತಾರೆ. ಮುಗಿದು ಏಳು ದಿನಕ್ಕೆ ದುಡ್ಡು. ಅಂದರೆ ಮೊದಲ ದುಡ್ಡಿಗೆ ಸುಮಾರು ಐದು ವಾರ. 2015ರ ಆಗಸ್ಟ್‌ನಿಂದ ಕೆಲವು ವರ್ಷ ಇದಕ್ಕೂ ಮುಂಚೆ ಏನೂ ಸಿಗದ ಏಳು "ಕಾಯುವ ದಿನ"ಗಳಿದ್ದವು. ಅಲ್ಲಿಗೆ ಆರು ವಾರ. ಅದು ಕೂಡ ಎಲ್ಲ ಸರಿಯಾಗಿ ನಡೆದರೆ. 2017ರಲ್ಲಿ ಸುಮಾರು 1,13,000 ಹೊಸ ಅರ್ಜಿಗಳಿಗೆ ಪೂರ್ತಿ ದುಡ್ಡು ಸಮಯಕ್ಕೆ ಹೋಗಲಿಲ್ಲ ಅಂತ ಸರ್ಕಾರದ ಲೆಕ್ಕಪತ್ರ ನೋಡುವ ನ್ಯಾಷನಲ್ ಆಡಿಟ್ ಆಫೀಸ್ ಬರೆಯಿತು.

ಯಾಕೆ ತಿಂಗಳು? ಸರ್ಕಾರದ ಉತ್ತರ: ಕೆಲಸದ ಲೋಕದಲ್ಲಿ ಸಂಬಳ ತಿಂಗಳಿಗೊಮ್ಮೆ ಬರುತ್ತದೆ, ನೆರವೂ ಹಾಗೇ ಬರಲಿ, ಜನ ತಿಂಗಳ ಬಜೆಟ್ ಮಾಡುವುದನ್ನು ಕಲಿಯಲಿ. ಕೇಳಲು ಚೆನ್ನಾಗಿದೆ. ಆದರೆ ರೆಸಲ್ಯೂಷನ್ ಫೌಂಡೇಶನ್ ಅನ್ನುವ ಸಂಶೋಧನಾ ಸಂಸ್ಥೆ 2017ರಲ್ಲಿ ನೋಡಿದಾಗ, ಕೆಲಸ ಬಿಟ್ಟು ಈ ನೆರವಿಗೆ ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಹಿಂದಿನ ಕೆಲಸದಲ್ಲಿ ವಾರಕ್ಕೋ ಎರಡು ವಾರಕ್ಕೋ ಸಂಬಳ ಪಡೆಯುತ್ತಿದ್ದವರು. ಕೆಲಸದ ಲೋಕ ಅಂತ ಅವರು ಅಂದದ್ದು ಯಾರ ಲೋಕ? ಕಾಯ್ದೆ ಬರೆದವರ ಲೋಕ, ಮಂತ್ರಿಗಳ ಲೋಕ. ಒಂದು ತಿಂಗಳ ಸಂಬಳ ಬ್ಯಾಂಕಿನಲ್ಲಿ ಇಟ್ಟುಕೊಂಡೇ ಕೆಲಸ ಬಿಡುವವರ ಲೋಕ. ವಾರದ ಸಂಬಳದವರು ಕೆಲಸ ಕಳೆದುಕೊಂಡರೆ ಕೈಯಲ್ಲಿರುವುದು ಒಂದು ವಾರದ ದುಡ್ಡು. ಮಿಕ್ಕ ನಾಲ್ಕು ವಾರಕ್ಕೆ?

ಮುಂಗಡ ತಗೊಳ್ಳಿ ಅಂದಿತು ಸರ್ಕಾರ. ಮುಂಗಡ ಅಂದರೆ ಸಾಲ. ಬಡ್ಡಿ ಇಲ್ಲ, ನಿಜ. ಆದರೆ ಆಮೇಲೆ ಬರುವ ಪ್ರತಿ ಕಂತಿನಲ್ಲೂ ಹಿಡಿದುಕೊಳ್ಳುತ್ತಾರೆ. ಮೊದಲು ಆರು ತಿಂಗಳಲ್ಲಿ ತೀರಿಸಬೇಕಿತ್ತು, 2018ರಲ್ಲಿ ಅದನ್ನು ಹನ್ನೆರಡು ಮಾಡಿದರು, 2021ರಲ್ಲಿ ಇಪ್ಪತ್ನಾಲ್ಕು. ಹಳೆಯ ಟ್ಯಾಕ್ಸ್ ಕ್ರೆಡಿಟ್ ಬಾಕಿ, ಬಾಡಿಗೆ ಬಾಕಿ, ಕರೆಂಟ್ ಬಾಕಿ ಇದ್ದರೆ ಅದೂ ಇದರಲ್ಲೇ. ಹೀಗೆ ಒಟ್ಟು ಎಷ್ಟು ಹಿಡಿಯಬಹುದು ಅನ್ನುವ ಮಿತಿ ಮೂಲ ಭತ್ಯೆಯ ಶೇ. 40 ಇತ್ತು. ಅದು 30ಕ್ಕೆ, 25ಕ್ಕೆ, 2025ರ ಏಪ್ರಿಲ್‌ನಲ್ಲಿ 15ಕ್ಕೆ ಇಳಿಯಿತು. ಈ ಇಳಿಕೆಯ ಸಾಲನ್ನು ಒಮ್ಮೆ ನೋಡಿ. ಹಳೆಯ ಮಿತಿ ತುಂಬಾ ಜಾಸ್ತಿಯಾಗಿತ್ತು ಅಂತ ಸರ್ಕಾರವೇ ಮೂರು ಸಲ ಒಪ್ಪಿಕೊಂಡ ಹಾಗಾಯಿತು.

ಸಹಾಯವಾಣಿಗೆ ಫೋನ್ ಮಾಡಿದರೆ ಮೊಬೈಲಿನಿಂದ ನಿಮಿಷಕ್ಕೆ 55 ಪೆನ್ಸ್‌ವರೆಗೂ ಆಗುತ್ತಿತ್ತು. ದುಡ್ಡು ಬಂದಿಲ್ಲ ಅಂತ ಹೇಳಲು ದುಡ್ಡು ಕೊಡಬೇಕು! ಗಲಾಟೆಯಾದ ಮೇಲೆ 2017ರ ಕೊನೆಗೆ ಅದನ್ನು ಉಚಿತ ಮಾಡಿದರು. ಕಾಯುವ ಏಳು ದಿನವನ್ನು 2018ರ ಫೆಬ್ರವರಿಯಲ್ಲಿ ತೆಗೆದರು. 2019ರ ಫೆಬ್ರವರಿಯಲ್ಲಿ ಆಗಿನ ಮಂತ್ರಿ ಆಂಬರ್ ರಡ್ ಪಾರ್ಲಿಮೆಂಟಿನಲ್ಲೇ ಒಪ್ಪಿದರು: ಜನ ಫುಡ್ ಬ್ಯಾಂಕುಗಳಿಗೆ, ಅಂದರೆ ಪುಕ್ಕಟೆ ದಿನಸಿ ಕೊಡುವ ಕಡೆಗೆ, ಜಾಸ್ತಿ ಹೋಗುತ್ತಿರುವುದಕ್ಕೆ, ನೆರವಿನ ದುಡ್ಡು ಬೇಗ ಕೈಗೆ ಸಿಗದೇ ಹೋದದ್ದೂ ಒಂದು ಕಾರಣ ಇರಬಹುದು ಅಂತ.

ಬಾಡಿಗೆಯದ್ದು ಇನ್ನೊಂದು ಕಥೆ. ಮೊದಲು ಕೌನ್ಸಿಲ್ ಬಾಡಿಗೆಗೆ ಕೊಟ್ಟ ಮನೆಯಲ್ಲಿದ್ದವರ ಬಾಡಿಗೆ ನೆರವು ನೇರ ಬಾಡಿಗೆ ಖಾತೆಗೇ ಹೋಗುತ್ತಿತ್ತು. ಈಗ ಎಲ್ಲ ಸೇರಿ ಬಾಡಿಗೆದಾರರ ಕೈಗೆ. ಐದು ವಾರ ಖಾಲಿ ಕೂತವರ ಕೈಗೆ ಒಂದು ದಿನ ಇದ್ದಕ್ಕಿದ್ದಂತೆ ಸಾವಿರ ಪೌಂಡ್ ಬಂದರೆ ಮೊದಲು ಏನು ತೀರಿಸುತ್ತಾರೆ? ಅಕ್ಕಪಕ್ಕದವರ ಕೈಸಾಲ, ಅಲ್ವಾ? ಬಾಡಿಗೆ ಬಾಕಿ ಬೆಳೆಯಿತು. ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಖಾತೆಗೆ ದುಡ್ಡು ಹಾಕುವುದರಿಂದ, ಹೊಡೆಯುವ ಗಂಡನ ಕೈಗೆ ಮನೆಯ ದುಡ್ಡೆಲ್ಲ ಹೋಗುತ್ತದೆ ಅನ್ನುವ ದೂರೂ ಬಂತು.

ಇದೇ ದೇಶದೊಳಗೆ ಬೇರೆ ದಾರಿ ಹಿಡಿದವರೂ ಇದ್ದರು. ಉತ್ತರ ಐರ್ಲೆಂಡಿನಲ್ಲಿ ಮೊದಲಿಂದಲೇ ತಿಂಗಳಿಗೆ ಎರಡು ಸಲ ದುಡ್ಡು, ಬಾಡಿಗೆ ನೇರ ಮನೆ ಮಾಲೀಕರಿಗೆ. ಸ್ಕಾಟ್‌ಲೆಂಡಿನಲ್ಲಿ 2017ರ ಅಕ್ಟೋಬರಿನಿಂದ ಹಾಗೆ ಕೇಳುವ ಆಯ್ಕೆ ಕೊಟ್ಟರು. ಯೋಜನೆ ಅದೇ, ದರ ಅದೇ. ಆಗುವುದಿಲ್ಲ ಅಂತ ಲಂಡನ್ ಹೇಳುತ್ತಿದ್ದ ಕೆಲಸ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಆಗುತ್ತಿತ್ತು. ಆದರೆ ಅಲ್ಲೂ ಮೊದಲ ದುಡ್ಡಿಗೆ ಕಾಯುವುದು ತಪ್ಪಲಿಲ್ಲ. ಕಂತು ಎರಡಾಯಿತು, ಆದಾಯ ನೋಡುವ ತಿಂಗಳು ತಿಂಗಳಾಗಿಯೇ ಉಳಿಯಿತು.

ಕಂಪ್ಯೂಟರ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಸರ್ಕಾರಿ ಐಟಿ ಯೋಜನೆಗಳ ಗೋಳು ಎಲ್ಲ ಕಡೆ ಒಂದೇ. 2013ರ ಏಪ್ರಿಲ್ 29ರಂದು ಗ್ರೇಟರ್ ಮ್ಯಾಂಚೆಸ್ಟರಿನ ಆ್ಯಷ್ಟನ್-ಅಂಡರ್-ಲೈನ್ ಊರಿನ ಜಾಬ್‌ಸೆಂಟರಿನಲ್ಲಿ (ಸರ್ಕಾರದ ಉದ್ಯೋಗ ಕಚೇರಿ) ಮೊದಲ ಪ್ರಯೋಗ. ಒಂಟಿ, ಮಕ್ಕಳಿಲ್ಲದ, ತೀರಾ ಸರಳ ಪ್ರಕರಣದವರಿಗೆ ಮಾತ್ರ. 2017ಕ್ಕೆ ಇಡೀ ದೇಶ ಮುಗಿಸುತ್ತೇವೆ ಅಂದಿದ್ದರು. 2013ರ ಸೆಪ್ಟೆಂಬರಿನಲ್ಲಿ ಆಡಿಟ್ ಆಫೀಸ್ ವರದಿ ಬಂತು. ಅಷ್ಟರಲ್ಲೇ 3.4 ಕೋಟಿ ಪೌಂಡಿನ ಸಾಫ್ಟ್‌ವೇರ್ ಕೆಲಸ ನೀರಿಗೆ ಹೋಗಿತ್ತು. ಹೊಸದಾಗಿ ಇನ್ನೊಂದು ವ್ಯವಸ್ಥೆ ಕಟ್ಟಿ 2014ರ ಕೊನೆಗೆ ದಕ್ಷಿಣ ಲಂಡನ್ನಿನ ಸಟನ್‌ನಲ್ಲಿ ಶುರುಮಾಡಿದರು. ಹೊಸ ಅರ್ಜಿಗಳಿಗೆ ದೇಶವಿಡೀ ತಲುಪಿದ್ದು 2018ರ ಡಿಸೆಂಬರಿನಲ್ಲಿ.

2018ರಲ್ಲಿ ಆಡಿಟ್ ಆಫೀಸ್ ಮತ್ತೆ ನೋಡಿತು. ಒಂದೊಂದು ಅರ್ಜಿ ನಡೆಸಲು 699 ಪೌಂಡ್ ಖರ್ಚು, ಗುರಿ ಇದ್ದದ್ದು 173. ಆನ್‌ಲೈನಿನಲ್ಲೇ ಗುರುತು ಖಾತ್ರಿ ಮಾಡಿಕೊಳ್ಳಲು ಆಗುತ್ತಿದ್ದುದು ಶೇ. 38 ಜನರಿಗೆ ಮಾತ್ರ. ಕೊಟ್ಟ ದುಡ್ಡಿಗೆ ತಕ್ಕ ಪ್ರಯೋಜನ ಆಗುತ್ತದೋ ಇಲ್ಲವೋ ಅನುಮಾನ, ಆದರೆ ಇಷ್ಟು ದೂರ ಬಂದ ಮೇಲೆ ಹಿಂದೆ ಹೋಗುವುದೂ ಕಷ್ಟ ಅಂತ ಬರೆಯಿತು.

ಅಷ್ಟರೊಳಗೆ ಖಜಾನೆ ಯೋಜನೆಯ ಹೊಟ್ಟೆಗೇ ಕೈ ಹಾಕಿತ್ತು. ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ 2015ರಲ್ಲಿ ವರ್ಕ್ ಅಲೋವೆನ್ಸ್ ಕತ್ತರಿಸಿದರು. ಮಕ್ಕಳೂ ಕಾಯಿಲೆಯೂ ಇಲ್ಲದವರಿಗೆ ಅದು 2016ರ ಏಪ್ರಿಲ್‌ನಿಂದ ಪೂರ್ತಿ ಹೋಯಿತು. ಆ ಮಾರ್ಚ್‌ನಲ್ಲಿ ಡಂಕನ್ ಸ್ಮಿತ್ ಅಂಗವಿಕಲರ ನೆರವಿನ ಕಡಿತದ ವಿಷಯಕ್ಕೆ ರಾಜೀನಾಮೆ ಕೊಟ್ಟರು. ದುಡಿದರೆ ಲಾಭ ಅಂತ ತೋರಿಸಲು ಹುಟ್ಟಿದ ಯೋಜನೆಯಲ್ಲಿ ದುಡಿಯುವವರ ಪಾಲನ್ನೇ ಮೊದಲು ಕತ್ತರಿಸಿದ್ದು ನನಗೆ ಈಗಲೂ ವಿಚಿತ್ರ ಅನ್ನಿಸುತ್ತದೆ. ಬಳಿಕ 2018ರ ಬಜೆಟ್ಟಿನಲ್ಲಿ ಮುಂದಿನ ಹಣಕಾಸು ಮಂತ್ರಿ ಫಿಲಿಪ್ ಹ್ಯಾಮಂಡ್ ಸ್ವಲ್ಪ ವಾಪಸ್ ಕೊಟ್ಟರು.

ಕೆಟ್ಟದ್ದನ್ನೇ ಹೇಳಿದರೆ ಅನ್ಯಾಯವಾಗುತ್ತದೆ. 2020ರ ಮಾರ್ಚ್ 16ರಿಂದ 31ರೊಳಗೆ, ಕೊರೊನಾ ಬಂದು ಅಂಗಡಿ-ಹೋಟೆಲುಗಳೆಲ್ಲ ಮುಚ್ಚಿದಾಗ, ಸುಮಾರು 9.5 ಲಕ್ಷ ಅರ್ಜಿಗಳು ಬಂದವು. ಮಾಮೂಲಿಯಾಗಿ ಎರಡು ವಾರಕ್ಕೆ ಬರುತ್ತಿದ್ದುದು ಲಕ್ಷದ ಸುಮಾರು. ಫೋನ್ ಸಿಗಲಿಲ್ಲ, ವೆಬ್‌ಸೈಟಿನಲ್ಲಿ ಕ್ಯೂ ನಿಲ್ಲಬೇಕಾಯಿತು, ಆದರೂ ವ್ಯವಸ್ಥೆ ಕುಸಿಯಲಿಲ್ಲ. ಆರು ನೆರವು, ಮೂರು ಕಚೇರಿ, ಕಾಗದದ ಫಾರಂಗಳ ಕಾಲವಾಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಭಯವಾಗುತ್ತದೆ. ಒಂದು ವರ್ಷದಲ್ಲಿ ನೆರವು ಪಡೆಯುವವರು 30 ಲಕ್ಷದಿಂದ 60 ಲಕ್ಷದ ಹತ್ತಿರಕ್ಕೆ ಹೋದರು. ವಾರಕ್ಕೆ 20 ಪೌಂಡ್ ಹೆಚ್ಚಳ ಘೋಷಿಸಿದ ಕೆಲವೇ ವಾರಗಳಲ್ಲಿ ಅದು ಜನರ ಖಾತೆಗೆ ಹೋಗತೊಡಗಿತು. 2021ರ ಅಕ್ಟೋಬರಿನಲ್ಲಿ ಆ 20 ಪೌಂಡನ್ನು ವಾಪಸ್ ತಗೊಂಡರು.

ಕೊರೊನಾ ಕಾಲದಲ್ಲಿ ಹೊಸದಾಗಿ ಬಂದ ಎಷ್ಟೋ ಜನ ಮೊದಲ ಸಲ ಉಳಿತಾಯದ ನಿಯಮಕ್ಕೆ ಢಿಕ್ಕಿ ಹೊಡೆದರು. ಕುಟುಂಬದ ಉಳಿತಾಯ 16,000 ಪೌಂಡ್ ದಾಟಿದರೆ ನೆರವೇ ಇಲ್ಲ. 6,000ದ ಒಳಗಿದ್ದರೆ ಚಿಂತೆಯಿಲ್ಲ. ನಡುವೆ ಇದ್ದರೆ, ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಆದಾಯ ಬರುತ್ತಿದೆ ಅಂತ ಊಹಿಸಿ ಕಳೆಯುತ್ತಾರೆ. 10,000 ಪೌಂಡ್ ಇದ್ದರೆ ತಿಂಗಳಿಗೆ 69.60 ಕಡಿತ. 6,000ದ ಮೇಲಿನ 4,000ಕ್ಕೆ ವರ್ಷಕ್ಕೆ 835 ಪೌಂಡ್, ಶೇ. 20ಕ್ಕಿಂತ ಜಾಸ್ತಿ ಬಡ್ಡಿ! ಯಾವ ಬ್ಯಾಂಕ್ ಕೊಡುತ್ತದೆ ಅಷ್ಟು? ಯೋಜನೆ ಶುರುವಾದಾಗಿನ ಮಿತಿ ಬೆಲೆಗಳೆಲ್ಲ ಏರಿದರೂ ಅಲ್ಲೇ ನಿಂತಿತ್ತು.

ಮತ್ತೆ ಆ ಶುಕ್ರವಾರ

ಮೊದಲು ಹೇಳಿದ ತಾಯಿಯ ಲೆಕ್ಕಕ್ಕೆ ಬರೋಣ. ಅದೇ 811 ಪೌಂಡ್ ಸಂಬಳ. ನೆಟ್ಟಗೆ ಬಂದಿದ್ದರೆ ಎರಡು ತಿಂಗಳ ನೆರವು 1,072.95ರಂತೆ 2,145.90.

ಎರಡೂ ಸಂಬಳ ಒಂದೇ ಅವಧಿಗೆ ಬಿದ್ದರೆ? ಆದಾಯ 1,622. ಅದರಲ್ಲಿ 411 ಬಿಟ್ಟು 1,211. ಅದರ ಶೇ. 55 ಅಂದರೆ 666.05 ಕಡಿತ. ಆ ತಿಂಗಳ ನೆರವು 626.90. ಮುಂದಿನ ತಿಂಗಳು ಸಂಬಳವಿಲ್ಲ, ಪೂರ್ತಿ 1,292.95. ಎರಡೂ ಸೇರಿ 1,919.85. ನಷ್ಟ 226.05 ಪೌಂಡ್.

ಎಲ್ಲಿ ಹೋಯಿತು ಅದು? ಸಂಬಳವಿಲ್ಲದ ತಿಂಗಳಲ್ಲಿ 411ರ ವಿನಾಯಿತಿ ಸುಮ್ನೆ ವ್ಯರ್ಥವಾಯಿತು. ಸಂಬಳವೇ ಇಲ್ಲದಾಗ ಯಾವುದರ ಮೇಲೆ ವಿನಾಯಿತಿ? 411ರ ಶೇ. 55 ಸರಿಯಾಗಿ 226.05. ಆಕೆ ಜಾಸ್ತಿ ದುಡಿದಿಲ್ಲ, ಸಂಬಳ ಏರಿಲ್ಲ, ಭಾನುವಾರ ಬಂದದ್ದಷ್ಟೇ ತಪ್ಪು. ನಷ್ಟಕ್ಕಿಂತ ಜಾಸ್ತಿ ಕಾಡಿದ್ದು ಏರಿಳಿತ. ಒಂದು ತಿಂಗಳು 627, ಇನ್ನೊಂದು ತಿಂಗಳು 1,293. ತಿಂಗಳ ಬಜೆಟ್ ಕಲಿಸುತ್ತೇವೆ ಅಂದ ಯೋಜನೆ ಇದು.

ಸಂಬಳದ ತಾರೀಖು ಬದಲಿಸಿಕೊಳ್ಳಿ ಅಂತ ಕೆಲವರಿಗೆ ಸಲಹೆ ಬಂತು. ಪಾರ್ಟ್‌ಟೈಮ್ ನೌಕರರೊಬ್ಬರು ಹೋಗಿ ಕೇಳಿದರೆ ಕಂಪನಿ ತನ್ನ ಸಂಬಳದ ದಿನ ಬದಲಿಸುತ್ತದೆಯೇ? ನಾಲ್ಕು ಮಂದಿ ಒಂಟಿ ತಾಯಂದಿರು ಕೋರ್ಟಿಗೆ ಹೋದರು. 2019ರ ಜನವರಿಯಲ್ಲಿ ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಅಪೀಲು ಹಾಕಿತು. ಆಗ ಇದ್ದ ರೀತಿಯಲ್ಲೇ ಲೆಕ್ಕ ಹಾಕುವುದು ಸುಲಭ, ಆಟೋಮ್ಯಾಟಿಕ್ ವ್ಯವಸ್ಥೆಗೆ ವಿನಾಯಿತಿ ತಂದರೆ ಕಷ್ಟ ಅನ್ನುವುದು ಅದರ ವಾದದ ತಿರುಳು. 2020ರ ಜೂನ್‌ನಲ್ಲಿ ಮೇಲ್ಮನವಿ ಕೋರ್ಟ್ ಕೂಡ ತಾಯಂದಿರ ಪರ ನಿಂತಿತು. ಈ ಒಂದು ಸಮಸ್ಯೆಯನ್ನು ಸರಿಮಾಡದೆ ಬಿಟ್ಟದ್ದು ವಿವೇಕವಿಲ್ಲದ ನಡೆ ಅಂತ ಹೇಳಿತು. ಆ ನವೆಂಬರಿನಲ್ಲಿ ನಿಯಮಕ್ಕೆ ತಿದ್ದುಪಡಿ ಬಂತು: ತಿಂಗಳ ಸಂಬಳದವರಿಗೆ ಒಂದೇ ಅವಧಿಯಲ್ಲಿ ಎರಡು ಸಂಬಳ ಬಿದ್ದರೆ ಒಂದನ್ನು ಬೇರೆ ಅವಧಿಗೆ ಹಾಕಬಹುದು. ಕೆಲವೇ ಸಾಲಿನ ತಿದ್ದುಪಡಿ. ಯೋಜನೆ ಶುರುವಾಗಿ ಏಳೂವರೆ ವರ್ಷ ಆಗಿತ್ತು.

ಹಳೆಯ ನೆರವಿನಲ್ಲಿದ್ದವರನ್ನು ಹೊಸದಕ್ಕೆ ದಾಟಿಸುವ ಕೆಲಸವೂ ಅಷ್ಟೇ ನಿಧಾನ. 2019ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್ ಊರಿನಲ್ಲಿ ಶುರುವಾಗಿ, ಕೊರೊನಾಕ್ಕೆ ನಿಂತು, ಮತ್ತೆ ಹೊರಟಿತು. ಪತ್ರ ಬರುತ್ತಿತ್ತು, ಮೂರು ತಿಂಗಳೊಳಗೆ ಅವರೇ ಅರ್ಜಿ ಹಾಕಬೇಕಿತ್ತು, ಇಲ್ಲದಿದ್ದರೆ ಹಳೆಯದು ನಿಲ್ಲುತ್ತಿತ್ತು. ಶುರುವಿನಲ್ಲಿ ಪತ್ರ ಹೋದ ಟ್ಯಾಕ್ಸ್ ಕ್ರೆಡಿಟ್ ಕುಟುಂಬಗಳಲ್ಲಿ ಸುಮಾರು ಐದರಲ್ಲಿ ಒಂದು ಅರ್ಜಿಯನ್ನೇ ಹಾಕಲಿಲ್ಲ. ಹೆಸರು, ವಿಳಾಸ, ಆದಾಯ ಎಲ್ಲ ಸರ್ಕಾರದ ಹತ್ತಿರವೇ ಇತ್ತು. 2025ರ ಏಪ್ರಿಲ್ 5ಕ್ಕೆ ಟ್ಯಾಕ್ಸ್ ಕ್ರೆಡಿಟ್‌ಗಳು ಮುಗಿದವು.

ಸಂಬಳದ ದಿನದ ವಿಷಯಕ್ಕೆ 2020ರ ನವೆಂಬರಿನಲ್ಲಿ ಬಂದ ಆ ತಿದ್ದುಪಡಿ ನಾಲ್ಕು ವಾರಕ್ಕೊಮ್ಮೆ ಸಂಬಳ ಪಡೆಯುವವರನ್ನು ಮುಟ್ಟಲಿಲ್ಲ. ಅವರಿಗೆ ವರ್ಷಕ್ಕೆ ಹದಿಮೂರು ಸಂಬಳ. ಹಾಗಾಗಿ ವರ್ಷದಲ್ಲಿ ಒಂದು ತಿಂಗಳು ಎರಡು ಸಂಬಳ ಬಿದ್ದೇ ಬೀಳುತ್ತದೆ. ಮಿಕ್ಕ ಹನ್ನೊಂದು ತಿಂಗಳಲ್ಲಿ ಇನ್ನೊಂದು ತೊಂದರೆ. ಒಂದು ಮನೆಗೆ ಒಟ್ಟು ಇಷ್ಟೇ ನೆರವು ಅನ್ನುವ ಮಿತಿ ಇದೆ. ಕನಿಷ್ಠ ಕೂಲಿ ದರದಲ್ಲಿ ವಾರಕ್ಕೆ 16 ಗಂಟೆಯಷ್ಟು ದುಡಿಯುವವರಿಗೆ ಆ ಮಿತಿ ಇಲ್ಲ. ಅದನ್ನು ಅಳೆಯುವುದು ಮಾತ್ರ ತಿಂಗಳ ಆದಾಯದಿಂದ. 16ನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ 69 ಗಂಟೆ ಮತ್ತು ಸ್ವಲ್ಪ. ನಾಲ್ಕು ವಾರದ ಸಂಬಳದಲ್ಲಿ ಇರುವುದು 64 ಗಂಟೆ. ಪ್ರತಿ ವಾರ ತಪ್ಪದೆ 16 ಗಂಟೆ ದುಡಿದ ತಾಯಿಯೊಬ್ಬರು ಹನ್ನೊಂದು ತಿಂಗಳು "ಸಾಕಷ್ಟು ದುಡಿಯದವರು" ಆದರು. ಆಕೆಯೂ ಕೋರ್ಟಿಗೆ ಹೋದರು. 2020ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. 2021ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿ ಸರ್ಕಾರದ ಪರ ತೀರ್ಪು ಕೊಟ್ಟಿತು.